ಬಿಳಿ ಗೆರೆಯ ಮೇಲಿನ ಮಾತು

ನಮ್ಮ ಊರಿನಲ್ಲಿ ಕೂಸು ಹುಟ್ಟಿತೆಂಬ ಸುದ್ದಿ ಬಂದರೆ ಜನ ಮೊದಲು ಕೇಳುವುದು ಗಂಡೋ ಹೆಣ್ಣೋ ಎಂದಲ್ಲ, "ಯಾರು ಮಾತಾಡಾಕ ಹತ್ಯಾರ?" ಎಂದು. ದಿನ ತುಂಬಿ ಹುಟ್ಟಿ, ಕಿರ್ರನೆ ಚೀರಿ, ಮೊಲೆ ಕಚ್ಚಿದ ಕೂಸಿಗೆ ಯಾರ ಮಾತೂ ಬೇಕಿಲ್ಲ, ಅದರ ಗದ್ದಲವೇ ಅದಕ್ಕೆ ಸಾಕು. ಆದರೆ ದಿನ ತುಂಬದೆ ಬಂದದ್ದು, ನೀಲಿಗಟ್ಟಿದ್ದು, ಅಳುವುದನ್ನೇ ಮರೆತು ಬಂದದ್ದು ಇರುತ್ತವಲ್ಲ, ಅವುಗಳ ಪಕ್ಕದಲ್ಲಿ ಯಾರಾದರೂ ಮಾತಾಡುತ್ತಲೇ ಇರಬೇಕು. ಮಾತು ಇರುವ ತನಕ ಉಸಿರು. ಮಾತು ನಿಂತು ನಾಲ್ಕೈದು ಉಸಿರಿನಷ್ಟು ಹೊತ್ತಾಯಿತೋ, ಕೂಸು ತನ್ನ ಉಸಿರನ್ನು ಎಲ್ಲಿಯೋ ಇಟ್ಟು ಮರೆತವರ ಹಾಗೆ ಮಾಡುತ್ತದೆ. ಆಸ್ಪತ್ರೆ ಮುಟ್ಟಿದರೆ ಅಲ್ಲಿ ಯಂತ್ರವಿದೆ, ಡಾಕ್ಟರಿದ್ದಾರೆ. ಅಲ್ಲಿಯವರೆಗೆ ಮಾತೇ ಗತಿ.

ಹಾಡಿದರೆ ಆಗುವುದಿಲ್ಲ, ಹಾಡಿನಲ್ಲಿ ಅಲ್ಲಲ್ಲಿ ನಿಲ್ಲಬೇಕಾಗುತ್ತದೆ. ಒಮ್ಮೆ ಟೇಪ್ ರೆಕಾರ್ಡರ್ ಇಟ್ಟು ನೋಡಿದ್ದರಂತೆ, ಕೂಸು ಕಿವಿಗೊಡಲೇ ಇಲ್ಲ. ಮಂತ್ರ ಹೇಳಿ ನೋಡಿದ್ದರಂತೆ, ಬಾಯಿಪಾಠವೆಂದು ಅಷ್ಟು ಸಣ್ಣ ಜೀವಕ್ಕೂ ಗೊತ್ತಾಯಿತಂತೆ. ಇಬ್ಬರು ಒಟ್ಟಿಗೆ ಮಾತಾಡುವುದಂತೂ ಇನ್ನೂ ಕೆಟ್ಟದ್ದು. ಯಾರ ಮಾತು ಹಿಡಿಯಬೇಕೆಂದು ತಿಳಿಯದೆ ಎರಡನ್ನೂ ಕೈಬಿಟ್ಟುಬಿಡುತ್ತದೆ. ಒಂದೇ ದನಿ, ಹರಿಯುವ ದನಿ ಬೇಕು. ಏನು ಹೇಳಿದರೂ ನಡೆಯುತ್ತದೆ. ಹುಣಸೆಹಣ್ಣು ತುಟ್ಟಿಯಾದದ್ದು, ನಾದಿನಿ ಚಾಡಿ ಹೇಳಿದ್ದು, ಸಂತೆಯಲ್ಲಿ ಚಪ್ಪಲಿ ಅದಲುಬದಲಾದದ್ದು. ಅದಕ್ಕೇ ನಮ್ಮ ಕಡೆ ಹೆಣ್ಣು ಕೊಡುವಾಗ ಹೊಲಮನೆ ಕೇಳುವ ಮೊದಲು, ಹುಡುಗ ನಾಲ್ಕು ಮಾತಾಡುತ್ತಾನೋ ಇಲ್ಲವೋ ಎಂದು ವಿಚಾರಿಸುತ್ತಾರೆ.

ಹೊಳೆ ನಮ್ಮ ಊರನ್ನು ಎರಡು ಮಾಡಿದೆ. ಆ ಕಡೆಯದು ಮೇಲ್ಪೇಟೆ, ಈ ಕಡೆಯದು ಆಚೆದಂಡೆ. ನಾವಿರುವುದೇ ಆಚೆದಂಡೆಯಲ್ಲಿ. ಸರಕಾರಿ ಕಾಗದ ಬರೆಯುವವರು ಮೇಲ್ಪೇಟೆಯಲ್ಲಿ ಕೂತು ಬರೆದರು, ನಾವು ಅದನ್ನೇ ಹೇಳಿಕೊಂಡು ಬಂದೆವು. ತಾನು ನಿಂತ ನೆಲವನ್ನೇ ಆಚೆ ಎನ್ನುವ ಜನ ನಮ್ಮನ್ನು ಬಿಟ್ಟರೆ ಬೇರೆ ಇರಲಿಕ್ಕಿಲ್ಲ. ಆಸ್ಪತ್ರೆ ಇರುವುದು ಮೇಲ್ಪೇಟೆಯಲ್ಲಿ. ಅಲ್ಲಿ ಫೋನ್ ಇಟ್ಟ ಹತ್ತು ನಿಮಿಷಕ್ಕೆ ಬಾಗಿಲಿಗೆ ಗಾಡಿ ಬಂದು ನಿಲ್ಲುತ್ತದೆ. ಒಳಗೆ ಗಾಜಿನ ಪೆಟ್ಟಿಗೆ, ಪೆಟ್ಟಿಗೆಯಲ್ಲಿ ಕಾವು, ಆಕ್ಸಿಜನ್ನು, ಒಬ್ಬ ನರ್ಸು, ಪಾಳಿಯ ಮೇಲೆ ಮಾತಾಡಲು ಇಬ್ಬರು. ಅಂಥ ಗಾಡಿ ಅವರಿಗೆ ಆರು. ನಮಗೆ ಒಂದು. ಅದೂ ಮೊದಲು ಡೇರಿಯ ಹಾಲಿನ ಕ್ಯಾನು ಹೊರುತ್ತಿದ್ದದ್ದು, ಬೇಸಿಗೆಯಲ್ಲಿ ಈಗಲೂ ಒಳಗೆ ಹುಳಿ ಮೊಸರಿನ ವಾಸನೆ. ಗಾಜಿನ ಪೆಟ್ಟಿಗೆಯ ಬದಲು ಬಿದಿರಿನ ಬುಟ್ಟಿ, ಹತ್ತಿ, ಕಂಬಳಿ, ಬಿಸಿನೀರು ತುಂಬಿದ ಎರಡು ಬಾಟಲಿ. ಮಾತಿಗೆ ನಾನೊಬ್ಬಳೇ. ಸುಣ್ಣದ ಭಟ್ಟಿಗಳ ಕೇರಿಯಿಂದ ಹಿಡಿದು ಗುಡ್ಡದ ಬುಡದ ಕುರಿಹಟ್ಟಿಯವರೆಗೆ ಎಲ್ಲ ಕೂಸುಗಳಿಗೂ ನಾನೊಬ್ಬಳೇ. ಅಷ್ಟೇ ಅಲ್ಲ, ನಮ್ಮ ಗಾಡಿಯ ಪರವಾನಗಿ ಸೇತುವೆಯ ನಡುವೆ ಬಳಿದ ಬಿಳಿ ಗೆರೆಗೆ ಮುಗಿಯುತ್ತದೆ. ಅಲ್ಲಿಗೆ ಮೇಲ್ಪೇಟೆಯ ಗಾಡಿ ಬಂದು ಕೂಸನ್ನು ತೆಗೆದುಕೊಳ್ಳಬೇಕು. ನಮ್ಮ ಡ್ರೈವರ್ ಇಮಾಮಸಾಬ ಪ್ರತಿ ಸಲ ಆ ಗೆರೆಯ ಮುಂದೆ ಬ್ರೇಕು ಒತ್ತಿ ಗೊಣಗುತ್ತಿದ್ದ: "ಇದನ್ನ ದಾಟಿದ್ರ ನನ್ನ ಗಾಡಿ ಎಮ್ಮಿ ಆಕ್ಕೈತೇನ್ ಚಂಪಕ್ಕ?"

ಚಂಪಕ್ಕ ಎಂದರೆ ನಾನು. ಬಳೆ ಮಾರುತ್ತಿದ್ದವಳು. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಬಳೆ ಸುತ್ತಿ ತರುತ್ತಿದ್ದ ಹಳೆಯ ಪೇಪರುಗಳನ್ನು ಬಿಡಿಸಿ ಬಿಡಿಸಿ ಅಕ್ಷರ ಕಲಿತೆ. ಬಳೆ ಇಡುವಾಗ ಹೆಣ್ಣುಮಕ್ಕಳ ಕೈ ನೋಯದ ಹಾಗೆ ಏನಾದರೂ ಮಾತಾಡುತ್ತಿರಬೇಕು, ಮಾತಿಗೆ ಮನಸ್ಸು ಹೋದರೆ ಬಳೆ ಜಾರಿ ಒಳಗಿಳಿಯುತ್ತದೆ. ಹಾಗೆ ಮನೆಮನೆಯ ದನಿ ನನ್ನ ಹೊಟ್ಟೆಯಲ್ಲಿ ಕೂತಿತ್ತು. ಕಚೇರಿಯವರು ಬಾಯಿ ಪರೀಕ್ಷೆ ಇಟ್ಟಾಗ ಬಿ.ಎ. ಓದಿದ ಹುಡುಗ ಇಪ್ಪತ್ತು ನಿಮಿಷಕ್ಕೆ ನೀರು ಕೇಳಿದ. ನಾನು ಮೂರು ತಾಸು ಮಾತಾಡಿದೆ. ಸಾಹೇಬರೇ "ಸಾಕಮ್ಮ, ಸಾಕು, ನಮಗೆ ಊಟದ ಹೊತ್ತಾಯ್ತು" ಎಂದು ಕೈ ಮುಗಿದರು. ಹನ್ನೊಂದು ವರ್ಷದಲ್ಲಿ ನನ್ನ ಬುಟ್ಟಿಯಲ್ಲಿ ಮಲಗಿ ಗೆರೆ ದಾಟಿದ ಕೂಸುಗಳು ಇನ್ನೂರರ ಮೇಲೆ. ಈಗ ಅವುಗಳಲ್ಲಿ ಕೆಲವು ಶಾಲೆಗೆ ಹೋಗುತ್ತವೆ. ದಾರಿಯಲ್ಲಿ ನನ್ನ ದನಿ ಕೇಳಿದರೆ ಯಾಕೆಂದು ತಿಳಿಯದೆ ತಿರುಗಿ ನೋಡುತ್ತವೆ. ಗೆರೆ ಮುಟ್ಟದವೂ ಇದ್ದವು. ಅವುಗಳಲ್ಲಿ ಹೆಚ್ಚಿನವು ನಾನು ಹೋಗಿ ಮುಟ್ಟುವ ಮೊದಲೇ ಹೋದವು. ಗಾಡಿ ಒಂದು, ದಾರಿ ಉದ್ದ. ನಾವು ಬರುವಷ್ಟರಲ್ಲಿ ಕೇರಿಯ ಎಲ್ಲರ ಗಂಟಲು ಒಣಗಿ, ಕೊನೆಗೆ ಯಾರೋ ಮುದುಕಿ ಬರೀ ಊರ ಹೆಸರುಗಳನ್ನು ಒಂದೊಂದಾಗಿ ಹೇಳುತ್ತ ಕೂತಿರುತ್ತಿದ್ದಳು.

ಮಾತು ಹಾಯಿಸುವುದಕ್ಕೆ ನಮ್ಮ ದಂಡೆಯಲ್ಲಿ ಒಂದು ಪದ್ಧತಿ ಇದೆ. ಮನೆಯಲ್ಲಿ ಒಬ್ಬರು ದಣಿದು ಇನ್ನೊಬ್ಬರು ಕೂರುವಾಗ ನಡುವೆ ಸಂದು ಬೀಳಬಾರದು ನೋಡಿ. ಅದಕ್ಕೆ ಕೊಡುವವರು ಮಾತನ್ನು ಪೂರ್ತಿ ಮಾಡುವುದಿಲ್ಲ, ಅರ್ಧಕ್ಕೆ ಬಿಡುತ್ತಾರೆ. ತೆಗೆದುಕೊಳ್ಳುವವರು ಆ ಅರ್ಧವನ್ನು ಎತ್ತಿಕೊಂಡು ಮುಗಿಸಿ ತಮ್ಮದನ್ನು ಶುರು ಮಾಡುತ್ತಾರೆ. ಬಾವಿಯ ಹಗ್ಗ ಒಬ್ಬರ ಕೈಯಿಂದ ಇನ್ನೊಬ್ಬರು ಹಿಡಿದ ಹಾಗೆ. ಅಜ್ಜಿ ಮುತ್ತಜ್ಜಿಯರ ಕಾಲದ್ದು, ಯಾರೂ ಯಾರಿಗೂ ಕಲಿಸಿದ್ದಲ್ಲ. ಸೇತುವೆಯ ಮೇಲೆ ನನ್ನಿಂದ ಮಾತು ತೆಗೆದುಕೊಳ್ಳುತ್ತಿದ್ದವಳು ಮೇಲ್ಪೇಟೆಯ ತಂಗಮ್ಮ. ದಪ್ಪ ಕನ್ನಡಕದ ಹೆಂಗಸು, ಬಾಯಲ್ಲಿ ಸದಾ ಲವಂಗ. ನಾನು ಬಿಟ್ಟ ಅರ್ಧ ಮಾತು ನೆಲಕ್ಕೆ ಬೀಳುವ ಮೊದಲೇ ಹಿಡಿಯುತ್ತಿದ್ದಳು. ಎಂಟು ವರ್ಷ ಹಾಗೇ ನಡೆಯಿತು. ಎಲ್ಲ ಕಡೆಯೂ ಹೀಗೇ ಎಂದು ನಾನು ತಿಳಿದಿದ್ದೆ.

ಆ ವರ್ಷ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಭಟ್ಟಿಕೇರಿಯಿಂದ ಫೋನು ಬಂತು. ನಾವಾಗ ಕುರಿಹಟ್ಟಿಯ ಕೂಸೊಂದನ್ನು ಗೆರೆ ಮುಟ್ಟಿಸಿ ಮರಳುತ್ತಿದ್ದೆವು. ಭಟ್ಟಿ ಕಾರ್ಮಿಕ ಹುಲಗಪ್ಪನ ಹೆಂಡತಿ ಪಾರವ್ವನಿಗೆ ಏಳು ತಿಂಗಳಿಗೇ ಹೆರಿಗೆಯಾಗಿತ್ತು. ಹೆಣ್ಣು ಕೂಸು. ನಾವು ಹೋಗಿ ಮುಟ್ಟುವಷ್ಟರಲ್ಲಿ ಎರಡು ತಾಸು. ಓಣಿಯಲ್ಲಿ ಜನ ಬಾಯಿಗೆ ಸೆರಗು ಹಿಡಿದು ನಿಂತಿದ್ದರು. ನನಗೆ ಗಾಬರಿಯಾಯಿತು.

"ಯಾಕವಾ, ಮಾತು ನಿಂತೈತೇನು?" ಎಂದೆ.

"ಇಲ್ಲ ಚಂಪಕ್ಕ," ಎಂದಳು ಬಾಗಿಲಲ್ಲಿದ್ದ ಸೂಲಗಿತ್ತಿ ಖಾಜಾಬಿ, ಕಣ್ಣರಳಿಸಿ. "ಹುಲಗ್ಯಾ ಮಾತಾಡಾಕ ಹತ್ಯಾನ. ಎರಡ ತಾಸಾತು, ಒಬ್ಬಾಂವನ. ಯಾರಿಗೂ ಕೊಡವಲ್ಲ."

ಓಣಿಯವರು ಬೆರಗಾದದ್ದು ಅದಕ್ಕೆ. ಹುಲಗಪ್ಪ ಮೂಕನಲ್ಲ, ಆದರೆ ಮೂಕನಿಗಿಂತ ಒಂದು ಕೈ ಹೆಚ್ಚು. ಪಾರವ್ವನ ತವರಿನವರು ಇವನಿಗೆ ಹೆಣ್ಣು ಕೊಡಲು ಒಂದು ವರ್ಷ ಹಿಂದೆಮುಂದೆ ನೋಡಿದ್ದರು. "ಮದಿವ್ಯಾಗ ಹೆಂಡ್ತಿ ಹೆಸರು ಹೇಳಂದ್ರ ಮರದಿನ ಮುಂಜಾನೆ ಹೇಳ್ಯಾನ," ಎಂದು ಗೆಳೆಯರು ಚಾಷ್ಟಿ ಮಾಡುತ್ತಿದ್ದರು. ಒಳಗೆ ಹೋಗಿ ನೋಡಿದರೆ ಪಾರವ್ವ ರಕ್ತ ಹೋಗಿ ಎಚ್ಚರವಿಲ್ಲದೆ ಮಲಗಿದ್ದಾಳೆ. ಹುಲಗಪ್ಪ ಗೋಡೆಗೆ ಒರಗಿ, ಅಂಗಿ ಬಿಚ್ಚಿದ ಎದೆಯ ಮೇಲೆ ಕೂಸನ್ನಿಟ್ಟುಕೊಂಡು, ಅದರ ನೆತ್ತಿಗೆ ಬಾಯಿ ಹಚ್ಚಿ ಸಣ್ಣ ದನಿಯಲ್ಲಿ ಮಾತಾಡುತ್ತಿದ್ದಾನೆ. ಮೀಸೆ ಹುಬ್ಬೆಲ್ಲ ಸುಣ್ಣ. ಕೂಸು ನನ್ನ ಅಂಗೈಗಿಂತ ಸ್ವಲ್ಪ ಉದ್ದ. ಬೆನ್ನು ಸಣ್ಣಗೆ ಏರುತ್ತಿತ್ತು, ಇಳಿಯುತ್ತಿತ್ತು.

ನಾನು ಮುಂದೆ ಕೂತು, ಕೊಡು ಎಂದು ಕೈ ಮಾಡಿದೆ. ಅವನು ನನ್ನನ್ನು ನೋಡಿದ. ಕೊಡಲು ಮನಸ್ಸಿರಲಿಲ್ಲ, ಮುಖದಲ್ಲೇ ಕಾಣುತ್ತಿತ್ತು. ಆದರೆ ಕೊಡಬೇಕು. ಗಾಡಿಯಲ್ಲಿ ಮಾತಾಡುವುದು ಮಾತಿನ ಸಿಬ್ಬಂದಿಯ ಕೆಲಸ, ಹಾಗೆಂದು ನಿಯಮ.

"ಕಲ್ಲು ಮೊದಲ ಗಟ್ಟಿ ಇರ್ತೈತವಾ, ಕೊಡ್ಲಿಗಿ ಬಗ್ಗಂಗಿಲ್ಲ," ಎನ್ನುತ್ತಿದ್ದ ಅವನು, "ಬೆಂಕ್ಯಾಗ ಮೂರು ದಿನ ಇಟ್ಟ ಮ್ಯಾಲೆ ನೋಡು, ಅದು..."

"ಅದು ಹಾಲಿನಂಗ ಬೆಳ್ಳಗ ಆಕ್ಕೈತವ್ವಾ," ಎಂದು ನಾನು ಎತ್ತಿಕೊಂಡೆ, "ನಿಮ್ಮಪ್ಪನ ಮೀಸಿ ಕಂಡಿ ಇಲ್ಲೋ, ಹಂಗ. ಇಪ್ಪತ್ತಾರು ವರ್ಸದಾಂವ, ಅರವತ್ತು ಆದಾಂವನಂಗ ಕಾಣ್ತಾನ..."

ಕೂಸು ಬುಟ್ಟಿಗೆ ಬಂತು. ಪಾರವ್ವನ ಬಳಿ ಖಾಜಾಬಿ ಉಳಿದಳು. ಹುಲಗಪ್ಪ ಅಂಗಿಯನ್ನು ಕೈಯಲ್ಲೇ ಹಿಡಿದು ಗಾಡಿ ಹತ್ತಿದ. ಹತ್ತಿದವನಿಗೆ ನಾನು ಕೂಸಿನ ಮೂಲಕವೇ ಹೇಳಿದೆ, ಬೇರೆ ದಾರಿ ಇರಲಿಲ್ಲವಲ್ಲ: "ನಿಮ್ಮಪ್ಪಗ ಹೇಳವ್ವಾ, ಇನ್ನ ನೀ ಬಾಯಿ ತೆರೀಬ್ಯಾಡ, ಎರಡು ದನಿ ಆದ್ರ ನನಗ ತ್ರಾಸ ಆಕ್ಕೈತಿ ಅಂತ. ಆಸ್ಪತ್ರಿ ಮುಟ್ಟೂ ತನಕ ಒಂದು ಅಕ್ಷರಾ ಸೈತ ಬ್ಯಾಡ ಅಂತ." ಅವನು ತಲೆಯಾಡಿಸಿದ. ಬಾಯಿಯ ಮೇಲೆ ಕೈಯನ್ನೂ ಇಟ್ಟುಕೊಂಡ.

ದಾರಿ ಒಂದೂವರೆ ತಾಸು. ನಾನು ಅವಳಿಗೆ ಏನು ಹೇಳಲಿಲ್ಲ? ಕಿಟಕಿಯಿಂದ ಕಂಡದ್ದನ್ನೆಲ್ಲ ಹೇಳಿದೆ. ಎಮ್ಮೆಯ ಮೇಲೆ ಕೂತ ಕೊಕ್ಕರೆ, ಪಂಕ್ಚರ್ ಅಂಗಡಿಯವನು ಟೈರಿನೊಳಗೆ ನಿದ್ದೆ ಹೋದದ್ದು. ಅವಳ ಅವ್ವನಿಗೆ ಹಿಂದಿನ ವರ್ಷ ನಾನೇ ಹಸಿರು ಬಳೆ ಇಟ್ಟದ್ದು, ಎಡಗೈ ಬಳೆ ಎರಡು ಸಲ ಒಡೆದದ್ದು, ಅವಳು ಬೈಯದೆ ನಕ್ಕದ್ದು. ಇಮಾಮಸಾಬನಿಗೆ ಮೂರನೆಯ ಸಲವೂ ಹೆಣ್ಣಾದಾಗ ಅವನ ಅತ್ತೆ ಮುಖ ತಿರುಗಿಸಿದ್ದು, ಈಗ ಆ ಮೂರನೆಯವಳೇ ಅಜ್ಜಿಗೆ ಔಷಧಿ ಕುಡಿಸುವುದು. ಮುಂದಿನ ಸೀಟಿನಿಂದ ಇಮಾಮಸಾಬ ಹೌದು ಹೌದು ಎಂದು ಗೋಣು ಹಾಕುತ್ತಿದ್ದ, ಸದ್ದಿಲ್ಲದೆ. ಒಂದೆರಡು ಸಲ ಹುಲಗಪ್ಪ ನನ್ನ ತೋಳು ಮುಟ್ಟಿದ. ಅವನಿಗೆ ಏನೋ ಹೇಳುವುದಿತ್ತು. ನಾನು ಕಣ್ಣು ಬಿಟ್ಟು ಗದರಿಸಿದೆ. ಕಾಲುವೆ ದಾಟಿದ ಮೇಲೆ ಕೂಸಿನ ತುಟಿಗೆ ಬಣ್ಣ ಬಂತು. ನನಗೆ ಆಗಲೇ ಗೊತ್ತಾಯಿತು, ಇದು ಉಳಿಯುವ ಕೂಸು. ಎಂಟು ವರ್ಷದ ಕೈ, ತಪ್ಪುವುದಿಲ್ಲ.

ಸೇತುವೆಯ ಮೇಲೆ ಮೇಲ್ಪೇಟೆಯ ಗಾಡಿ ಆಗಲೇ ಬಂದು ನಿಂತಿತ್ತು, ಹಿಂದಿನ ಬಾಗಿಲು ತೆರೆದು, ಗಾಜಿನ ಪೆಟ್ಟಿಗೆಯ ದೀಪ ಹೊತ್ತಿಸಿ. ಆದರೆ ಗೆರೆಯ ಆ ಬದಿಗೆ ನಿಂತಿದ್ದವಳು ತಂಗಮ್ಮನಲ್ಲ. ಬಿಳಿ ಪಂಚೆ, ಕೋಟು, ಕೈಯಲ್ಲಿ ಮಡಿಸಿದ ಛತ್ರಿ. ವೆಂಕಟಾಚಲ ಮೇಷ್ಟ್ರು. ನಾನು ಅವರನ್ನು ಕಂಡದ್ದು ಅದೇ ಮೊದಲು, ಆದರೆ ಕೇಳದವರು ಯಾರಿದ್ದರು? ಮೇಲ್ಪೇಟೆಯ ಮಾತಿನವರಿಗೆಲ್ಲ ಅವರೇ ಗುರು. ಒಮ್ಮೆ ಗಾಡಿ ಕೆಟ್ಟು ನಿಂತಾಗ ಅವರು ಅವಳಿ ಕೂಸುಗಳಿಗೆ ಒಂದು ಹಗಲು ಪೂರ್ತಿ ಮಾತಾಡಿದ್ದರಂತೆ, ಆಡಿದ ಮಾತನ್ನು ಮತ್ತೆ ಆಡದೆ. ಕುರಿಹಟ್ಟಿಯ ಕೂಸನ್ನು ತೆಗೆದುಕೊಂಡು ಹೋದ ಮೇಲೆ ತಂಗಮ್ಮ, ಮಗಳಿಗೆ ಜ್ವರವೆಂದು ಮನೆಗೆ ಹೋಗಿದ್ದಳಂತೆ, ಅವಳ ಬದಲು ಅವರೇ ಬಂದಿದ್ದರು. ಬುಟ್ಟಿ ಹಿಡಿದು ಇಳಿದೆ, ಮಾತಾಡುತ್ತಲೇ ಇದ್ದೆ, ಆದರೆ ಅಂಥವರ ಎದುರು ನನ್ನ ಬಳೆಗಾರ್ತಿ ಮಾತು ನನಗೇ ಒರಟಾಗಿ ಕೇಳಿಸಿತು. ಬೇಗ ಕೊಟ್ಟುಬಿಡೋಣ, ದೊಡ್ಡ ಬಾಯಿಗೆ ಹೋಗಲಿ ಎನ್ನಿಸಿತು.

ನರ್ಸು ಕೂಸನ್ನೆತ್ತಿ ಪೆಟ್ಟಿಗೆಯಲ್ಲಿಟ್ಟಳು. ಮೇಷ್ಟ್ರು ಪೆಟ್ಟಿಗೆಯ ಮೇಲೆ ಬಾಗಿದರು. ನಾನೂ ಬಾಗಿದೆ.

"ಹೊಳಿ ಬಂತು ನೋಡವ್ವಾ," ಎಂದೆ, "ಇಷ್ಟು ನೀರು ಎಲ್ಲಿಂದ ಬರ್ತೈತಿ ಅಂದ್ರ..."

ಅಷ್ಟಕ್ಕೆ ಬಿಟ್ಟೆ.

ಮೇಷ್ಟ್ರು ಸುಮ್ಮನಿದ್ದರು. ನನ್ನ ಬಾಯಿಯನ್ನೇ ನೋಡುತ್ತಿದ್ದರು, ತುಂಬ ಗೌರವದಿಂದ, ಕಿವಿಯನ್ನು ಸ್ವಲ್ಪ ನನ್ನ ಕಡೆ ತಿರುಗಿಸಿ. ನಾನೂ ಅವರ ಬಾಯಿಯನ್ನೇ ನೋಡುತ್ತಿದ್ದೆ. ಈಗ ಎತ್ತಿಕೊಳ್ಳುತ್ತಾರೆ ಎಂದುಕೊಂಡೆ. ದೊಡ್ಡವರು, ಯೋಚಿಸಿ ಎತ್ತುತ್ತಾರೇನೋ, ನಡುವೆ ನಾನು ಬಾಯಿ ಹಾಕಬಾರದು ಎಂದುಕೊಂಡೆ. ಸೇತುವೆಯ ಕೆಳಗೆ ಯಾರೋ ಬಟ್ಟೆ ಒಗೆಯುವ ಸದ್ದು ಕೇಳುತ್ತಿತ್ತು. ಒಂದು, ಎರಡು, ಮೂರು ಸಲ ಬಟ್ಟೆ ಕಲ್ಲಿಗೆ ಬಿತ್ತು. ನಂತರ ನಮಗಿಬ್ಬರಿಗೂ ಒಟ್ಟಿಗೇ ಗಾಬರಿಯಾಗಿ, ಇಬ್ಬರೂ ಒಟ್ಟಿಗೇ ಮಾತು ಶುರು ಮಾಡಿದೆವು. ಅವರದೊಂದು ದನಿ, ನನ್ನದೊಂದು ದನಿ. ಇಬ್ಬರೂ ಒಟ್ಟಿಗೇ ನಿಲ್ಲಿಸಿದೆವು. "ನೀವು ಹೇಳಿ," ಎಂದರು ಅವರು. "ನೀವು ಹೇಳ್ರಿ ಸರ," ಎಂದೆ ನಾನು. ನರ್ಸು ಗಾಜಿನ ಮೇಲೆ ಬಡಿದಳು.

ಎಂಟು ಉಸಿರಿನಷ್ಟು ಹೊತ್ತಾಗಿರಬಹುದು. ಆಮೇಲೆ ಮೇಷ್ಟ್ರು ಮಾತಾಡಿದರು. ಹೇಗೆ ಮಾತಾಡಿದರೆಂದರೆ, ಸೇತುವೆಯ ಮೇಲೆ ಹೋಗುತ್ತಿದ್ದ ಸೈಕಲ್ಲಿನವರು ಇಳಿದು ನಿಂತರು. ಮಳೆಯ ಬಗ್ಗೆ, ತಮ್ಮ ತಾಯಿಯ ಬಗ್ಗೆ, ತಾವು ಚಿಕ್ಕವರಿದ್ದಾಗ ನುಂಗಿದ ನೇರಳೆ ಬೀಜದ ಬಗ್ಗೆ. ಗಾಡಿ ಹೊರಡಲಿಲ್ಲ. ನರ್ಸು ಕೂಸಿನ ಎದೆಯ ಮೇಲಿಟ್ಟಿದ್ದ ಕೈ ತೆಗೆದುಕೊಂಡು ಬದಿಗೆ ಸರಿದಳು. ಸಾಕು ಎಂದು ಯಾರೂ ಅವರಿಗೆ ಹೇಳಲಿಲ್ಲ. ಅವರೇ ಕೊನೆಗೆ ನಿಲ್ಲಿಸಿ, ಕೋಟಿನ ತೋಳಿನಿಂದ ಗಾಜು ಒರೆಸಿದರು.

"ನಾನು ಕಾಯ್ತಾ ಇದ್ದೆ ತಾಯಿ," ಎಂದರು. "ನೀವು ಮುಗಿಸ್ತೀರ ಅಂತ. ನಮ್ಮಲ್ಲಿ ಕೊಡೋರು ಮಾತು ಪೂರ್ತಿ ಮಾಡಿ 'ಕೊಟ್ಟೆ' ಅಂತಾರೆ. ಆಮೇಲೇ ನಾವು ಶುರು ಮಾಡೋದು. ಇನ್ನೊಬ್ಬರ ಮಾತನ್ನ ಮಧ್ಯದಲ್ಲಿ ಕಿತ್ಕೋಬಾರದು ಅಂತ ನಾನೇ ಹೇಳ್ಕೊಟ್ಟಿದ್ದು, ಮೂವತ್ತು ವರ್ಷ."

"ನಾನೂ ಕಾಯಾಕ ಹತ್ತಿದ್ದೆ ಸರ," ಎಂದೆ. "ನೀವು ಎತ್ಗೋತೀರಿ ಅಂತ."

ತಂಗಮ್ಮ ಮೊದಲ ವಾರದಲ್ಲೇ ನನ್ನ ರೀತಿ ನೋಡಿ, ಇವರ ಕಡೆ ಹೀಗೆ ಎಂದು ತಿಳಿದುಕೊಂಡು, ಸುಮ್ಮನೆ ಹೊಂದಿಕೊಂಡುಬಿಟ್ಟಿದ್ದಳು. ಅದೇನು ದೊಡ್ಡ ವಿಷಯವೆಂದು ಯಾರಿಗೂ ಹೇಳಿರಲಿಲ್ಲ. ಹುಲಗಪ್ಪ ನಮ್ಮಿಬ್ಬರ ಹಿಂದೆ ನಿಂತಿದ್ದ. ತಿರುಗಿ ನೋಡಿದೆ. ಕೈ ಇನ್ನೂ ಬಾಯಿಯ ಮೇಲೇ ಇತ್ತು.

ಆಮೇಲೆ ಕಚೇರಿಗಳ ಕಥೆ. ಕೂಸು ತೀರಿದ್ದು ಗೆರೆಯ ಯಾವ ಬದಿಗೆ ಎಂಬ ಪ್ರಶ್ನೆ ಎದ್ದಿತು. ಪೆಟ್ಟಿಗೆ ಮೇಲ್ಪೇಟೆಯದು, ಆದರೆ ಮಾತು ಇನ್ನೂ ಮೇಲ್ಪೇಟೆಗೆ ಹಾದಿರಲಿಲ್ಲ ಎಂದರು ಅವರು. ಮಾತನ್ನು ನಾವು ಬಿಟ್ಟಾಗಿತ್ತು ಎಂದರು ನಮ್ಮವರು. ಒಂದು ತಿಂಗಳು ಕಾಗದ ಓಡಾಡಿ ಕೊನೆಗೆ ಎರಡೂ ಪುಸ್ತಕಗಳಲ್ಲಿ ಆ ಕೂಸಿನ ಹೆಸರಿನ ಜಾಗ ಖಾಲಿ ಉಳಿಯಿತು. ಆ ವರ್ಷವೂ ಎಂದಿನಂತೆ ಮೇಲ್ಪೇಟೆಯಲ್ಲಿ ಗಾಡಿಯಲ್ಲಿ ತೀರಿದ ಕೂಸು ಒಂದೂ ಇಲ್ಲ ಎಂದು ಗೋಡೆಯ ಮೇಲೆ ಬರೆದರು. ತಮಾಷೆ ಕೇಳಿ. ಇನ್ನು ಮುಂದೆ ಹೀಗಾಗಬಾರದೆಂದು ಮೇಲ್ಪೇಟೆಯ ಕಚೇರಿ, ತಮ್ಮವರು ಇನ್ನು ಅರ್ಧ ಮಾತು ಎತ್ತಿಕೊಳ್ಳಬೇಕು ಎಂದು ಆದೇಶ ಹೊರಡಿಸಿತು. ಅದೇ ವಾರ ನಮ್ಮ ಕಚೇರಿ, ನಮ್ಮವರು ಇನ್ನು ಮಾತು ಪೂರ್ತಿ ಮಾಡಿ 'ಕೊಟ್ಟೆ' ಎನ್ನಬೇಕು ಎಂದು ಆದೇಶ ಹೊರಡಿಸಿತು. ಒಬ್ಬರನ್ನೊಬ್ಬರು ಕೇಳಲಿಲ್ಲ. ತಂಗಮ್ಮ ಎರಡೂ ಕಾಗದಗಳನ್ನು ಗೆರೆಯ ಮೇಲೆ ನಿಂತು ಓದಿ, ಹರಿದು ಹೊಳೆಗೆ ಹಾಕಿ, "ನೀ ಬಿಡು, ನಾ ಹಿಡೀತೀನಿ, ಮೊದಲಿನ ಹಾಗೇ," ಎಂದು ನನ್ನ ಕೈ ಹಿಡಿದು ಅತ್ತಳು. ಮೇಷ್ಟ್ರು ಆಮೇಲೆ ಗಾಡಿ ಹತ್ತಲಿಲ್ಲವಂತೆ.

ಇದೆಲ್ಲದರ ನಡುವೆ ಹದಿಮೂರನೆಯ ದಿನ ನಾನು ಭಟ್ಟಿಕೇರಿಗೆ ಹೋದೆ. ಹೋಗದಿದ್ದರೂ ನಡೆಯುತ್ತಿತ್ತು. ಇಮಾಮಸಾಬ ಬೇಡವೆಂದೇ ಹೇಳಿದ. "ಆ ಹುಡುಗ ಹೆಂಡ್ತಿಗೆ ಕೂಸು ದಾರ್‍ಯಾಗ ಹೋತು, ಭಾಳ ಸಣ್ಣದಿತ್ತು ಅಂತ ಹೇಳ್ಯಾನ ಅಂತ. ನಿನ್ನ ಹೆಸರು ಎತ್ತಿಲ್ಲ. ಮತ್ಯಾಕ ಕೆದರ್ತಿ?" ಎಂದ. ನನ್ನನ್ನು ಕುಟುಕಿದ್ದು ಅದೇ. ಆ ಹುಡುಗ ನನ್ನನ್ನು ಮುಚ್ಚಿಟ್ಟಿದ್ದ.

ಬಿಸಿಲು ಇಳಿಯುವ ಹೊತ್ತು. ಪಾರವ್ವ ಬಾಗಿಲ ಹತ್ತಿರ ಗೋಡೆಗೊರಗಿ ಕೂತಿದ್ದಳು, ತಲೆಗೆ ಬಟ್ಟೆ ಕಟ್ಟಿಕೊಂಡು. ಹುಲಗಪ್ಪ ಒಳಗೆ ಒಲೆಯ ಮುಂದೆ ಅವಳಿಗೆ ಗಂಜಿ ಕಾಸುತ್ತಿದ್ದ. ನನ್ನನ್ನು ಕಂಡು ಕೈಯಾಡಿಸುವುದನ್ನು ನಿಲ್ಲಿಸಿದ.

"ಬರ್ರಿ ಚಂಪಕ್ಕ," ಎಂದಳು ಪಾರವ್ವ. "ನಾನೇ ಹೇಳಿ ಕಳಸಬೇಕಂತಿದ್ದೆ. ನನಗ ಎಚ್ಚರ ಇದ್ದಿಲ್ಲ. ದಾರ್‍ಯಾಗ ನನ್ನ ಮಗಳ ಜೋಡಿ ಏನ್ ಮಾತಾಡಿದ್ರಿ, ಹೇಳ್ರಿ."

ಹೇಳಿದೆ. ಕೊಕ್ಕರೆ, ಟೈರು, ಹಸಿರು ಬಳೆ, ಇಮಾಮಸಾಬನ ಅತ್ತೆ. ಬಳೆ ಒಡೆದ ಮಾತಿಗೆ ಅವಳ ತುಟಿ ಸ್ವಲ್ಪ ನಕ್ಕಿತು. ಕಾಲುವೆ ದಾಟಿದ ಮೇಲೆ ತುಟಿಗೆ ಬಣ್ಣ ಬಂದದ್ದನ್ನು ಹೇಳಿದೆ. ಹುಲಗಪ್ಪ ಒಳಗಿನಿಂದ ನನ್ನನ್ನೇ ನೋಡುತ್ತ ಬೇಡ ಬೇಡ ಎಂಬಂತೆ ತಲೆಯಾಡಿಸಿದ. ನಾನು ನಿಲ್ಲಿಸಲಿಲ್ಲ. ಸೇತುವೆ ಹೇಳಿದೆ. ಮೇಷ್ಟ್ರನ್ನು ಹೇಳಿದೆ. ನಾನು ಬಿಟ್ಟದ್ದು, ಅವರು ಕಾದದ್ದು, ನಾನು ಕಾದದ್ದು, ಎಂಟು ಉಸಿರು ಕಳೆದದ್ದು. ನಿನ್ನ ಗಂಡನಿಗೆ ಬಾಯಿ ತೆರೆಯಬೇಡ ಎಂದು ನಾನೇ ಅಪ್ಪಣೆ ಮಾಡಿದ್ದೆ ಎಂಬುದನ್ನೂ ಹೇಳಿದೆ.

ಪಾರವ್ವ ಒಳಗೆ, ಗಂಡನ ಕಡೆ ತಿರುಗಿದಳು.

"ಎರಡ ತಾಸು ಮಾತಾಡಿದಾಂವಗ ಎಂಟು ಉಸಿರು ಮಾತಾಡಾಕ ಬರಲಿಲ್ಲೇನು?"

ಹುಲಗಪ್ಪ ಗಂಜಿಯ ಪಾತ್ರೆ ಇಳಿಸಿದ. "ಚಂಪಕ್ಕ ಬ್ಯಾಡ ಅಂದಿದ್ಲಂತ ಅಲ್ಲ," ಎಂದ. ದನಿ ಸುಣ್ಣದಲ್ಲಿ ಹೂತ ಹಾಗಿತ್ತು. "ಸುಮ್ಮನಾದದ್ದು ನನಗ ತಿಳೀತು. ಎಲ್ಲಾರಿಗಿಂತ ಮೊದಲ ನನಗ ತಿಳೀತು. ಬಾಯಿಗೆ ಬಂದಿತ್ತು. ಆದ್ರ ಅಲ್ಲಿ ಕೋಟ್ ಹಾಕ್ಕೊಂಡ ಅಷ್ಟು ದೊಡ್ಡ ಮನಷ್ಯಾ ನಿಂತಾನ. ಗಾಜಿನ ಪೆಟಗಿ ಐತಿ, ನರ್ಸಮ್ಮ ಅದಾಳ. ಅವರಿಗೇ ತಿಳೀದನ ಇರ್ತೈತೇನು? ಅಂಥವರ ಮುಂದ ನನ್ನ ಮಾತು ಎಲ್ಲಿ ನಡೀತೈತಿ ಅಂತ..."

"ಆಕಿ ನಿನ್ನ ಮಾತಿಗೇ ಎರಡ ತಾಸು ಇದ್ಲಲ್ಲೋ," ಎಂದಳು ಪಾರವ್ವ.

ನಾನು ಎದ್ದೆ. ಇನ್ನು ಅಲ್ಲಿ ಕೂರುವ ಮುಖ ನನಗಿರಲಿಲ್ಲ. "ಕುಂದ್ರರಿ," ಎಂದಳು ಪಾರವ್ವ, ಗಟ್ಟಿಯಾಗಿಯೇ. ಕ್ಷಮಿಸಿದ ದನಿಯಲ್ಲ ಅದು. "ನೀವು ಹೇಳಿದ್ದು ಒಂದೂವರಿ ತಾಸಿಂದು. ಅದಕ್ಕಿಂತ ಮೊದಲಿಂದು ಇನ್ನಾ ಉಳದೈತಿ. ನೀವೂ ಕೇಳ್ರಿ." ಗಂಡನ ಕಡೆ ನೋಡಿದಳು. "ಬಾ ಇಲ್ಲಿ. ಆಕಿಗೆ ಏನೇನ್ ಹೇಳಿದಿ, ಹೇಳು."

ಅವನು ಬಂದು ಹೊಸ್ತಿಲ ಬಳಿ ಕೂತ. ಮೊದಲಿಗೆ ಈ ಮನೆಯ ಬಗ್ಗೆ ಹೇಳಿದ್ದನಂತೆ. ಸೂರಿನ ಮೂಲೆಯಲ್ಲಿ ಗುಬ್ಬಿ ಇದೆ, ಬೆಳಿಗ್ಗೆ ಗದ್ದಲ ಮಾಡುತ್ತದೆ, ಅಂಜಬೇಡ ಎಂದು. ನಿನ್ನ ಅವ್ವ ರೊಟ್ಟಿ ಬಡಿಯುವಾಗ ಬಾಯಲ್ಲಿ ಏನೋ ಎಣಿಸುತ್ತಾಳೆ, ಏನೆಂದು ಮೂರು ವರ್ಷದಿಂದ ಕೇಳಬೇಕೆಂದಿದ್ದೇನೆ, ಕೇಳಿಲ್ಲ, ನೀನು ದೊಡ್ಡವಳಾಗಿ ಕೇಳು ಎಂದು. ಭಟ್ಟಿಯ ಬೆಂಕಿ ಹತ್ತಿರದಿಂದ ನೋಡಿದರೆ ಕೆಂಪಲ್ಲ, ಬಿಳಿ ಎಂದು. ಮದುವೆಯಲ್ಲಿ ಹೆಸರು ಹೇಳಲಾಗದೆ ಹೋದದ್ದು ನಾಚಿಕೆಗಲ್ಲ, ಅಷ್ಟು ಜನರ ಮುಂದೆ ಅದನ್ನು ಹೇಳಿ ಮುಗಿಸಿಬಿಡಲು ಮನಸ್ಸಾಗಲಿಲ್ಲ ಎಂದು.

ಪಾರವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅವನು ಒಂದೊಂದೇ ನೆನಪು ಮಾಡಿಕೊಂಡು ಹೇಳುತ್ತಿದ್ದ. ನಡುನಡುವೆ ಮರೆತು ನಿಲ್ಲುತ್ತಿದ್ದ. ಅವನು ನಿಂತಾಗಲೆಲ್ಲ ನನ್ನ ಬಾಯಿ ತಾನಾಗಿ ತೆರೆಯುತ್ತಿತ್ತು, ಅರ್ಧ ಮಾತನ್ನು ಎತ್ತಿಕೊಳ್ಳಲು. ಮುಚ್ಚಿಕೊಂಡೆ. ನಾವಿಬ್ಬರೂ ಕಾದೆವು. ಈಗ ಎಷ್ಟು ಹೊತ್ತು ಸುಮ್ಮನಿದ್ದರೂ ಯಾರಿಗೂ ಏನೂ ಆಗುವಂತಿರಲಿಲ್ಲ.